ಅಚ್ಚುಕಟ್ಟಮ್ಮನ ಸಾಲು

ಅವಳ ಮನೆಗೆ ಹೋದವರಿಗೆ ಮೊದಲು ಕಾಣುತ್ತಿದ್ದದ್ದು ಚಪ್ಪಲಿಗಳು. ಎಡಗಾಲಿನದು ಎಡಕ್ಕೆ, ಬಲಗಾಲಿನದು ಬಲಕ್ಕೆ, ಹಿಮ್ಮಡಿ ಗೋಡೆಗೆ, ಮೂತಿ ಬೀದಿಗೆ. ಬಂದವರು ತಮ್ಮದನ್ನು ಹೇಗೆಂದರೆ ಹಾಗೆ ಬಿಟ್ಟು ಒಳಗೆ ಕೂತರೆ ಮಾತಿನ ಮಧ್ಯೆಯೇ ಎದ್ದು ಹೋಗಿ, ಅವನ್ನೂ ನೆಟ್ಟಗೆ ಮಾಡಿ, ಕೈ ತೊಳೆದು ಬಂದು, "ಹ್ಞಾಂ, ಏನೋ ಹೇಳ್ತಿದ್ರಿ" ಅನ್ನುತ್ತಿದ್ದಳು. ಅಡುಗೆಮನೆಯಲ್ಲಿ ಡಬ್ಬಗಳು ಎತ್ತರದ ಪ್ರಕಾರ, ಬೀರುವಿನಲ್ಲಿ ಗಂಡನ ಅಂಗಿಗಳು ಬಣ್ಣದ ಪ್ರಕಾರ. ಮದುವೆಯಾದ ಹೊಸದರಲ್ಲಿ ಗಂಡನನ್ನೂ ಯಾವುದಾದರೊಂದು ಪ್ರಕಾರದಲ್ಲಿ ಜೋಡಿಸಲು ನೋಡಿ, ಇದ್ದದ್ದು ಒಂದೇ ಆದ್ದರಿಂದ ಕೈಬಿಟ್ಟಳು. ಅಚ್ಚುಕಟ್ಟಮ್ಮ ಎಂಬ ಹೆಸರು ನಾದಿನಿ ಇಟ್ಟದ್ದು. ನಾದಿನಿ ಹಂಗಿಸಲು ಇಟ್ಟಳು, ಇವಳು ಬಿರುದು ಎಂದು ತೆಗೆದುಕೊಂಡಳು.

ಇಪ್ಪತ್ತೆರಡು ವರ್ಷಗಳಿಂದ ಅವಳು ಒಂದು ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್. ಮೂರು ಮಹಡಿಯ ಆಸ್ಪತ್ರೆ ಅದು. ಕೆಳಗೆ ತಪಾಸಣೆ ಮತ್ತು ಕನ್ನಡಕದ ಅಂಗಡಿ, ನಡುವೆ ಹಾಸಿಗೆಗಳು, ಮೇಲೆ ಥಿಯೇಟರ್. ಎಲ್ಲದರ ಮೇಲೆ ದೊಡ್ಡ ಡಾಕ್ಟರು. ಮಂಗಳವಾರ ಮತ್ತು ಶುಕ್ರವಾರ ಪೊರೆಯ ಆಪರೇಷನ್ನು, ಬೆಳಗಿನಲ್ಲಿ ಒಂಬತ್ತೋ ಹತ್ತೋ ಕಣ್ಣು. ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಲೆನ್ಸು ಒಬ್ಬೊಬ್ಬರಿಗೆ ಒಂದೊಂದು ಪವರಿನದು. ಹಿಂದಿನ ದಿನ ಅಳೆದು, ಆಯಾ ನಂಬರಿನ ಪುಟ್ಟ ಪೆಟ್ಟಿಗೆಗಳನ್ನು ತರಿಸಿಡುತ್ತಾರೆ. ಅವನ್ನು ಪಟ್ಟಿಯ ಕ್ರಮದಲ್ಲಿ ಸ್ಟೀಲ್ ಮೇಜಿನ ಮೇಲೆ ಸಾಲಾಗಿ ಇಡುವುದು ಅಚ್ಚುಕಟ್ಟಮ್ಮನ ಕೆಲಸ. ಮೊದಲು ಬಂದವರಿಗೆ ಮೊದಲ ಪೆಟ್ಟಿಗೆ, ಎರಡನೆಯವರಿಗೆ ಎರಡನೆಯದು. ಸಾಲು ಹಾಕಿಯಾದ ಮೇಲೆ ಸಾಕ್ಷಾತ್ ಬ್ರಹ್ಮ ಬಂದರೂ ಮುಟ್ಟಕೂಡದು ಎಂಬುದು ಅವಳ ಕಾನೂನು. ಬ್ರಹ್ಮ ಹೇಗೂ ಬರುತ್ತಿರಲಿಲ್ಲ. ಬರುತ್ತಿದ್ದವನು ಗಾಲಿಕುರ್ಚಿ ತಳ್ಳುವವನು. ಅವನನ್ನು ಎಲ್ಲರೂ ಕುರ್ಚಿಮಾವ ಎನ್ನುತ್ತಿದ್ದರು.

ಮೊದಮೊದಲು ಅವಳು ಪೆಟ್ಟಿಗೆ ಎತ್ತಿಕೊಂಡು ರೋಗಿಯ ಹೆಸರನ್ನೂ ಲೆನ್ಸಿನ ನಂಬರನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಡಾಕ್ಟರು ಅದನ್ನೇ ತಿರುಗಿ ಹೇಳುತ್ತಿದ್ದರು. ಇದಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಹತ್ತು ಕಣ್ಣಿಗೆ ಐದು ನಿಮಿಷ! ದೊಡ್ಡ ಡಾಕ್ಟರಂಥವರು ಐದು ನಿಮಿಷದಲ್ಲಿ ಏನೇನು ಮಾಡಿಬಿಡಬಲ್ಲರು! ಒಂದು ದಿನ ಅವರು, "ನಿನ್ನ ಸಾಲು ಇರುವಾಗ ಓದೋದ್ಯಾಕೆ ಸಿಸ್ಟರ್" ಎಂದರು. ಆ ಮಾತನ್ನು ಅವಳು ಮನೆಗೆ ಹೊತ್ತುಕೊಂಡು ಹೋಗಿ ಗಂಡನಿಗೆ ಮೂರು ಸಲ, ನಾದಿನಿಗೆ ಫೋನಿನಲ್ಲಿ ಒಂದು ಸಲ ಹೇಳಿದಳು. ಅಲ್ಲಿಗೆ ಓದುವುದು ನಿಂತಿತು. ಹೊಗಳಿಕೆಯಿಂದ ಆಗುವ ಹಾನಿಗೆ ಯಾವ ಆಸ್ಪತ್ರೆಯಲ್ಲೂ ವಾರ್ಡು ಇಲ್ಲವಲ್ಲ.

ಆ ಮಂಗಳವಾರದ ಪಟ್ಟಿಯಲ್ಲಿ ನಾಲ್ಕನೆಯವರು ಒಬ್ಬ ನಿವೃತ್ತ ಭೂಗೋಳದ ಟೀಚರು, ಐದನೆಯವನು ಒಬ್ಬ ಟೈಲರು. ಟೀಚರಮ್ಮನ ಸರದಿ ಬರುವ ಹೊತ್ತಿಗೆ ಸರಿಯಾಗಿ ಟೀಚರಮ್ಮ ಬಾತ್‌ರೂಮಿಗೆ ಹೋಗಿದ್ದರು. ಎಪ್ಪತ್ತು ದಾಟಿದವರು, ಬೆಳಗಿನಿಂದ ಭಯ, ಮೇಲೆ ಹವಾನಿಯಂತ್ರಣದ ಚಳಿ. ಒಳಗಿನಿಂದ ದೊಡ್ಡ ಡಾಕ್ಟರು "ಯಾರಾದ್ರೂ ಬನ್ರಯ್ಯಾ" ಎಂದು ಕೂಗಿದರು. ಕುರ್ಚಿಮಾವ ಟೈಲರನ್ನು ತಳ್ಳಿಕೊಂಡು ಬಂದ.

"ಸಿಸ್ಟರ್, ಟೀಚರಮ್ಮ ಬಾತ್‌ರೂಮಿಗೆ ಹೋಗಿದಾರೆ. ಇವ್ರು ಐದನೆಯವ್ರು."

"ಆಯ್ತು ಆಯ್ತು, ಬಾಗಿಲು ಹಾಕು" ಎಂದಳು ಅಚ್ಚುಕಟ್ಟಮ್ಮ. ಅವಳು ಆಗ ಕತ್ತರಿಗಳನ್ನು ನೆಟ್ಟಗೆ ಮಾಡುತ್ತಿದ್ದಳು.

ಕುರ್ಚಿಮಾವ ಬಾಗಿಲು ಹಾಕಿದ. ಹಾಕಿ ಹೋಗಿದ್ದರೆ ಅವಳ ಪಾಪ ಅರ್ಧ ಕಡಿಮೆಯಾಗುತ್ತಿತ್ತು. ಅವನು ಹೋಗಲಿಲ್ಲ. ಮೇಜಿನ ಹತ್ತಿರ ಬಂದು, ನಾಲ್ಕನೆಯ ಪೆಟ್ಟಿಗೆಯನ್ನು ಐದನೆಯದರ ಜಾಗಕ್ಕೆ ಸರಿಸಲು ಕೈ ಚಾಚಿದ. ಅಚ್ಚುಕಟ್ಟಮ್ಮ ಆ ಕೈ ಮೇಲೆ ಫಟ್ ಎಂದು ಹೊಡೆದಳು.

"ನನ್ನ ಸಾಲು ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಅವನು ಕೈ ಸವರಿಕೊಂಡು ಹೊರಗೆ ಹೋದ. ಟೈಲರನ ಮುಖಕ್ಕೆ ಹಸಿರು ಬಟ್ಟೆ ಹೊದಿಸಿದರು. ಕಂಡದ್ದು ಒಂದು ಕಣ್ಣು ಮಾತ್ರ. ಕಣ್ಣಿನ ಮೇಲೆ ಇದು ಟೈಲರನದು, ಇದು ಟೀಚರದು ಎಂದು ಬರೆದಿರುವುದಿಲ್ಲ. ಅವಳು ನಾಲ್ಕನೆಯ ಪೆಟ್ಟಿಗೆ ಎತ್ತಿಕೊಟ್ಟಳು. ಆಮೇಲೆ ಟೀಚರಮ್ಮ ಬಂದು, "ಕ್ಷಮಿಸಿ, ತಡ ಆಯ್ತು" ಎಂದು ಎಲ್ಲರ ಕ್ಷಮೆ ಕೇಳಿ ಮಲಗಿದರು. ಅವರಿಗೆ ಐದನೆಯದು ಹೋಯಿತು.

ಆ ದಿನ ಆಸ್ಪತ್ರೆಯಲ್ಲಿ ಕ್ಷಮೆ ಕೇಳಿದವರು ಅವರೊಬ್ಬರೇ.

ಪಟ್ಟಿ ಮುಗಿದ ಮೇಲೆ ಖಾಲಿ ಪೆಟ್ಟಿಗೆಗಳಿಂದ ಸ್ಟಿಕ್ಕರುಗಳನ್ನು ಕಿತ್ತು ರಿಜಿಸ್ಟರಿಗೆ ಅಂಟಿಸಬೇಕು. ಅಚ್ಚುಕಟ್ಟಮ್ಮ ಸಾಲಿನ ಪ್ರಕಾರ ಅಂಟಿಸಿದಳು. ನಾಲ್ಕನೆಯ ಸ್ಟಿಕ್ಕರು ನಾಲ್ಕನೆಯ ಹೆಸರಿನ ಮುಂದೆ, ಐದನೆಯದು ಐದನೆಯದರ ಮುಂದೆ, ಅಂಚು ಒಂದು ಕೂದಲಿನಷ್ಟೂ ಓರೆಯಿಲ್ಲದೆ. ಹೀಗೆ ರಿಜಿಸ್ಟರಿನಲ್ಲಿ ಎಲ್ಲವೂ ಸರಿಯಾಯಿತು. ತಪ್ಪೇನಿದ್ದರೂ ಕಣ್ಣುಗಳಲ್ಲಿ ಮಾತ್ರ ಉಳಿಯಿತು.

ಮೊದಲ ಕೆಲವು ದಿನ ಎಲ್ಲರಿಗೂ ಮಂಜು ಮಂಜಾಗಿಯೇ ಇರುತ್ತದೆ. ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಾರದ ತಪಾಸಣೆಯಲ್ಲಿ ಟೈಲರು ಕುಣಿಯುವುದೊಂದು ಬಾಕಿ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದನಂತೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ! ಡಾಕ್ಟರ ಕಾಲು ಹಿಡಿಯಲು ಬಗ್ಗಿದವನು, ದೂರ ಸರಿಯಾಗಿ ಕಾಣದೆ, ಪಕ್ಕದಲ್ಲಿದ್ದ ಕನ್ನಡಕದ ಅಂಗಡಿಯವನ ಕಾಲು ಹಿಡಿದ. ಟೀಚರಮ್ಮ ಕುಣಿಯಲಿಲ್ಲ. "ಹತ್ರದ್ದೂ ಕಾಣಲ್ಲ, ದೂರದ್ದೂ ಕಾಣಲ್ಲ. ಮೊದಲೇ ವಾಸಿ ಇತ್ತು ಅನಿಸುತ್ತೆ" ಎಂದರು. ವಯಸ್ಸು ಎಂದರು ಅವರಿಗೆ. ಟೈಲರು ಅವರಿಗಿಂತ ಎರಡು ವರ್ಷ ದೊಡ್ಡವನು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ತಪಾಸಣೆಯ ಚೀಟಿಗಳನ್ನು ಜೋಡಿಸಿ ಕಟ್ಟುವಾಗ ನಾಲ್ಕನೆಯದೂ ಐದನೆಯದೂ ಅಚ್ಚುಕಟ್ಟಮ್ಮನ ಕೈಯಲ್ಲಿ ಅಕ್ಕಪಕ್ಕ ಬಂದವು. ಒಂದರಲ್ಲಿ ನಂಬರು ಎಷ್ಟು ಹೆಚ್ಚಾಗಿತ್ತೋ ಇನ್ನೊಂದರಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಇಪ್ಪತ್ತೆರಡು ವರ್ಷ ಥಿಯೇಟರಿನಲ್ಲಿ ನಿಂತವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಓಡಿಹೋಗಿ ರಿಜಿಸ್ಟರು ತೆರೆದಳು. ಎಲ್ಲ ಸರಿಯಾಗಿತ್ತು. ಇಷ್ಟು ಅಂದವಾದ ಸುಳ್ಳನ್ನು ಅವಳು ಜೀವನದಲ್ಲಿ ಬರೆದಿರಲಿಲ್ಲ.

ಎರಡೂ ಚೀಟಿ ಹಿಡಿದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಅವರು ಒಂದು ಚೀಟಿ ನೋಡಿದರು, ಇನ್ನೊಂದು ನೋಡಿದರು, ಆಮೇಲೆ ಕಿಟಕಿ ನೋಡಿದರು.

"ಅಳೆಯೋ ಮಷಿನ್ನು ಕೆಟ್ಟಿರಬೇಕು."

"ಆ ದಿನ ಹತ್ತು ಜನಕ್ಕೆ ಅಳೆದಿದ್ದು ಸಾರ್. ಇವರಿಬ್ಬರಿಗೆ ಮಾತ್ರ ಕೆಡ್ತಾ? ಸಾಲು ಅದಲುಬದಲಾಗಿದೆ. ನಾನೇ ಕೊಟ್ಟಿದ್ದು."

"ಶ್! ಬಾಗಿಲು ತೆಗೆದಿದೆ" ಎಂದರು ಡಾಕ್ಟರು. ಅವರಿಗೆ ತಕ್ಷಣ ಕಂಡ ತಪ್ಪು ಅದೊಂದೇ. ಬಾಗಿಲು ಹಾಕಿಸಿ, ತುಂಬ ಅಂತಃಕರಣದಿಂದ ಮಾತಾಡಿದರು. "ನೋಡು, ಮೆದುಳು ಬಹಳ ಬುದ್ಧಿವಂತ. ಹೊಂದಿಕೊಳ್ಳುತ್ತೆ. ಒಂದು ಕನ್ನಡಕ ಕೊಟ್ಟರಾಯ್ತು."

"ಒಂದು ಕಣ್ಣಿಗೆ ಅಷ್ಟು ದಪ್ಪ ಗಾಜು, ಇನ್ನೊಂದಕ್ಕೆ ತೆಳು. ತಲೆ ಸುತ್ತುತ್ತೆ ಸಾರ್ ಅವರಿಗೆ. ಲೆನ್ಸು ಬದಲಾಯಿಸೋದು ಆರು ವಾರದೊಳಗಾದ್ರೆ ಸುಲಭ, ಆಮೇಲೆ ಒಳಗೇ ಅಂಟಿಕೊಂಡುಬಿಡುತ್ತೆ ಅಂತ ನೀವೇ ಹೇಳಿದ್ರಲ್ಲ."

"ನಾನು ಯಾವಾಗ ಹೇಳಿದ್ದೆ?"

ಹೇಳಿದ್ದರು. ಬೇರೆ ಆಸ್ಪತ್ರೆಯಲ್ಲಿ ಕೆಟ್ಟ ಒಂದು ಕಣ್ಣು ಇವರ ಬಳಿ ಬಂದಾಗ, ಎರಡು ದಿನ ಅದನ್ನೇ ಚಪ್ಪರಿಸಿಕೊಂಡು ಹೇಳಿದ್ದರು. ಬೇರೆಯವರ ತಪ್ಪಿಗೆ ಆರು ವಾರದ ಗಡುವು ಇರುತ್ತದೆ. ನಮ್ಮ ತಪ್ಪಿಗೆ ಮೆದುಳು ಬುದ್ಧಿವಂತವಾಗಿರುತ್ತದೆ.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು ಕೊನೆಗೆ. "ಇದು ಹೊರಗೆ ಹೋದ್ರೆ ಮೊದಲು ಬೀಳೋದು ನಿನ್ನ ತಲೆ. ಇಪ್ಪತ್ತೆರಡು ವರ್ಷದ ಹೆಸರು ಹಾಳು ಮಾಡ್ಕೋಬೇಡ."

ಇಲ್ಲಿ ಅಚ್ಚುಕಟ್ಟಮ್ಮನ ಬಗ್ಗೆ ಒಂದು ಸತ್ಯ ಹೇಳಿಬಿಡಬೇಕು. ಅವಳಿಗೆ ಸಮಾಧಾನವಾಯಿತು. ಹೇಳಬೇಕಾದವರಿಗೆ ಹೇಳಿದ್ದಾಯಿತು, ದೊಡ್ಡವರು ಬೇಡ ಎಂದರು, ಇನ್ನು ಅದು ದೊಡ್ಡವರ ತಲೆನೋವು ಎಂದುಕೊಂಡು ಮೆಟ್ಟಿಲಿಳಿದಳು. ಎರಡು ವಾರ ಆ ಸಮಾಧಾನವನ್ನು ಕಾಪಾಡಿಕೊಂಡಳು. ಮನೆಯಲ್ಲಿ ಡಬ್ಬಗಳನ್ನು ಇಳಿಸಿ ಮತ್ತೆ ಏರಿಸಿದಳು. ಊಟ ಗಂಟಲಲ್ಲಿ ಇಳಿಯದಿದ್ದರೂ ತಟ್ಟೆ ಮಾತ್ರ ಅಚ್ಚುಕಟ್ಟಾಗಿ ತೊಳೆದಿಟ್ಟಳು.

ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಘೋಷಣೆ ಮಾಡುವವನು. "ಅನಿವಾರ್ಯ ಕಾರಣಗಳಿಂದ ತಡವಾಗಿದೆ" ಎಂದು ಹತ್ತೊಂಬತ್ತು ವರ್ಷ ಹೇಳಿದ್ದರೂ ಕಾರಣ ಏನೆಂದು ಒಮ್ಮೆಯೂ ಯಾರನ್ನೂ ಕೇಳಿದವನಲ್ಲ. ಅವನಿಗೆ ವಿಷಯ ಹೇಳಿದಳು.

"ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಕೇಳದೇ ಇದ್ದದ್ದಕ್ಕೆ ಉತ್ತರ ಕೊಡೋಕೆ ಹೋಗ್ಬಾರ್ದು ಕಣೇ. ನಾನು ಕೊಟ್ಟಿದ್ದಿದ್ರೆ ಇಷ್ಟೊತ್ತಿಗೆ ಜನ ನನ್ನ ಚರ್ಮ ಸುಲೀತಿದ್ರು."

ಅಷ್ಟರಲ್ಲಿ ಆಸ್ಪತ್ರೆಯ ಗೋಡೆಗೆ ಟೈಲರ ಚಿತ್ರ ಬಂತು. ಆಳೆತ್ತರದ್ದು, ಕೈಯಲ್ಲಿ ಸೂಜಿ, ಮುಖದ ತುಂಬ ನಗು. ಆಡಳಿತಾಧಿಕಾರಿ ತಾನೇ ನಿಂತು ಮೊಳೆ ಹೊಡೆಸಿದ. "ಇದು ಒಂದು ಪವಾಡ ಅಲ್ಲ, ನಮ್ಮ ದಿನನಿತ್ಯದ ಕೆಲಸ" ಎಂದು ಕೆಳಗೆ ಬರೆಸಿದ್ದ. ಮೊದಲ ಅರ್ಧವಂತೂ ನಿಜ.

ಮೂರನೆಯ ವಾರ ಟೀಚರಮ್ಮ ಮತ್ತೆ ಬಂದರು. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ನಡೆಯುತ್ತಿದ್ದರು. ಕೈಯಲ್ಲಿ ಪಕ್ಕದ ಮನೆಯವರಿಂದ ಬರೆಸಿದ ದೂರಿನ ಕಾಗದ. ಅಚ್ಚುಕಟ್ಟಮ್ಮ ಅವರನ್ನು ಬೆಂಚಿನ ಮೇಲೆ ಕೂರಿಸಿದಳು.

"ಎದುರಿಗೆ ಗೋಡೆ ಮೇಲೆ ಏನೋ ದೊಡ್ಡದಾಗಿದೆಯಲ್ಲ, ಏನದು? ಯಾರದೋ ಮುಖದ ಹಾಗಿದೆ" ಎಂದರು ಟೀಚರಮ್ಮ.

"ಒಬ್ಬ ಟೈಲರದು."

"ಏನು ಬರೆದಿದೆ? ಓದು."

ಓದಿದಳು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾನಂತೆ ಎಂದಳು.

"ಪುಣ್ಯವಂತ" ಎಂದು ಟೀಚರಮ್ಮ ನಿಟ್ಟುಸಿರು ಬಿಟ್ಟರು. "ಅವನಿಗೆ ಹಾಕಿದಂಥದ್ದೇ ನನಗೂ ಒಂದು ಹಾಕಬಾರದಿತ್ತಾ?"

ಅಚ್ಚುಕಟ್ಟಮ್ಮ ಬಾಯಿ ತೆರೆದಳು. ಅಲ್ಲೇ, ಆ ಕ್ಷಣವೇ ಹೇಳಬಹುದಿತ್ತು. ಹೇಳಲಿಲ್ಲ. "ನೀರು ಬೇಕಾ?" ಎಂದು ಕೇಳಿದಳು. ಮನುಷ್ಯರು ಎಂಥೆಂಥ ಹೊತ್ತಿನಲ್ಲಿ ನೀರು ಬೇಕಾ ಎಂದು ಕೇಳುತ್ತಾರೆ ನೋಡಿ.

ನೀರು ಕುಡಿಯುತ್ತ ಟೀಚರಮ್ಮ ಮನೆಯ ವಿಷಯ ಹೇಳಿದರು. ಮನೆಯಲ್ಲಿ ಇರುವವರು ಅವರೂ ಅವರ ಅಕ್ಕನೂ. ಅಕ್ಕ ಹಾಸಿಗೆ ಹಿಡಿದು ನಾಲ್ಕು ವರ್ಷ, ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ನುಂಗಿಬಿಟ್ಟಿದೆ. ದಿನಕ್ಕೆ ಎರಡು ಹೊತ್ತು ಇಂಜೆಕ್ಷನ್ ಕೊಡಬೇಕು. ಸಿರಿಂಜಿನ ಮೇಲಿನ ಗೆರೆ ಎಣಿಸಿ ಔಷಧಿ ಎಳೆಯುವುದು ತಂಗಿಯ ಕೆಲಸ.

"ಗೆರೆ ಚೆನ್ನಾಗಿ ಕಾಣ್ಲಿ ಅಂತಲೇ ಈ ಕಣ್ಣು ಮಾಡಿಸಿಕೊಂಡೆ. ಈಗ ಗೆರೆ ಹಾಗಿರಲಿ, ಸಿರಿಂಜೇ ಎರಡು ಕಾಣುತ್ತೆ. ಅಂದಾಜಿನ ಮೇಲೆ ಎಳೀತಿದ್ದೆ. ಮೊನ್ನೆ ಜಾಸ್ತಿ ಆಯ್ತು. ಅಕ್ಕ ಬೆವರಿ, ತೊದಲಿ, ಪ್ರಜ್ಞೆ ತಪ್ಪಿದ್ಲು. ಪಕ್ಕದ ಮನೆಯವಳು ಬಂದು ಬಾಯಿಗೆ ಸಕ್ಕರೆ ನೀರು ಹಾಕಿದ್ಮೇಲೆ ಕಣ್ಣು ಬಿಟ್ಲು. ದಿನಾ ಅವಳನ್ನೇ ಕರೆಯೋಕಾಗುತ್ತಾ? ಇನ್ನೊಂದ್ಸಲ ಹೀಗಾದ್ರೆ ನನ್ನಕ್ಕನ್ನ ನಾನೇ ಕೊಂದ ಹಾಗೆ."

ಅವರು ಅಳಲಿಲ್ಲ, ದೂರಿನ ಕಾಗದ ಕೊಟ್ಟು ಗೋಡೆ ಹಿಡಿದುಕೊಂಡು ಹೋದರು. ಅಚ್ಚುಕಟ್ಟಮ್ಮನಿಗೆ ತನ್ನ ಸಮಾಧಾನದ ಮೇಲೆ ಮೊದಲ ಸಲ ಹೇಸಿಗೆಯಾಯಿತು.

ಲಿಖಿತ ದೂರು ಬಂದ ಮೇಲೆ ವಿಚಾರಣೆ ಆಗಲೇಬೇಕು, ಅದು ನಿಯಮ. ನಾಲ್ಕನೆಯ ವಾರ ಸಮಿತಿ ಕೂತಿತು. ಅದರಲ್ಲಿ ಮೂವರು: ಆಡಳಿತಾಧಿಕಾರಿ, ಕನ್ನಡಕದ ಅಂಗಡಿಯವನು, ಮತ್ತು ನಿಷ್ಪಕ್ಷಪಾತವಾಗಿರಲೆಂದು ಸ್ವತಃ ದೊಡ್ಡ ಡಾಕ್ಟರು. ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಟ್ಟು ಮೂವರೂ ಬಗ್ಗಿ ನೋಡಿದರು.

"ಎಷ್ಟು ಅಚ್ಚುಕಟ್ಟಾಗಿದೆ!" ಎಂದ ಆಡಳಿತಾಧಿಕಾರಿ. "ಹೆಸರಿನ ಮುಂದೆ ಸರಿಯಾದ ಲೆನ್ಸೇ ಇದೆ. ದಾಖಲೆ ಸರಿಯಿದ್ದಮೇಲೆ ತಪ್ಪು ಎಲ್ಲಿಂದ ಬರುತ್ತೆ?"

"ನನ್ನಿಂದ" ಎಂದಳು ಅಚ್ಚುಕಟ್ಟಮ್ಮ. ಅವಳನ್ನು ಚಹಾ ತರಿಸಲು ಕರೆದಿದ್ದರು, ಮಾತಾಡಲು ಅಲ್ಲ. "ಸ್ಟಿಕ್ಕರು ಆಮೇಲೆ ಅಂಟಿಸಿದ್ದು. ಐದನೆಯವರು ಮೊದಲು ಬಂದ್ರು, ನಾನು ನಾಲ್ಕನೆಯ ಪೆಟ್ಟಿಗೆ ಕೊಟ್ಟೆ. ಕುರ್ಚಿಮಾವ ಸರಿಪಡಿಸೋಕೆ ಬಂದ, ಅವನ ಕೈ ಮೇಲೆ ಹೊಡೆದೆ. ಬೇಕಾದ್ರೆ ಅವನನ್ನೇ ಕೇಳಿ."

ಕುರ್ಚಿಮಾವನನ್ನು ಕರೆಸಿದರು. ಅವನು ದೊಡ್ಡ ಡಾಕ್ಟರ ಮುಖ ನೋಡಿದ, ಸಿಸ್ಟರ ಮುಖ ನೋಡಿದ. ಇಬ್ಬರನ್ನೂ ಉಳಿಸಬೇಕು, ಮುಖ್ಯವಾಗಿ ತನ್ನನ್ನು ಉಳಿಸಿಕೊಳ್ಳಬೇಕು ಎಂದು ಅವನಿಗೆ ಅರ್ಥವಾಯಿತು.

"ಸಿಸ್ಟರು ಬಹಳ ಒಳ್ಳೆಯವರು ಸಾರ್. ಯಾರ ಮೇಲೂ ಕೈ ಮಾಡಿದವರಲ್ಲ."

"ಸುಳ್ಳು ಹೇಳ್ಬೇಡ! ಹೊಡೆದೆ ನಾನು, ಫಟ್ ಅಂತ ಹೊಡೆದೆ!"

"ನೋವೇ ಆಗ್ಲಿಲ್ಲ ಸಾರ್" ಎಂದ ಅವನು.

ತಪ್ಪು ಒಪ್ಪಿಕೊಳ್ಳಲು ಇಷ್ಟು ಕಷ್ಟಪಡಬೇಕಾಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಸಮಿತಿ ಚಹಾ ಮುಗಿಸಿ ವರದಿ ಬರೆಯಿತು. ದಾಖಲೆಗಳು ನಿರ್ದೋಷವಾಗಿವೆ, ಸಿಸ್ಟರ್ ವಿಚಾರಣೆಯ ವೇಳೆ ಭಾವುಕರಾಗಿದ್ದರು, ಅವರಿಗೆ ಎರಡು ದಿನ ರಜೆ ಕೊಡತಕ್ಕದ್ದು. ರೋಗಿಯು ತಮ್ಮ ಸರದಿಯ ವೇಳೆಯಲ್ಲಿ ಸ್ಥಳದಲ್ಲಿ ಇರದೇ ಇದ್ದದ್ದು ಗಮನಾರ್ಹ. ಮರುದಿನವೇ ಮೇಲಿನ ಮಹಡಿಯಲ್ಲಿ ಹೊಸ ಫಲಕ ತೂಗಿತು: "ಆಪರೇಷನ್ನಿಗೆ ಮುಂಚೆ ಶೌಚಾಲಯಕ್ಕೆ ಹೋಗಿಬನ್ನಿ. ನಿಮ್ಮ ಸುರಕ್ಷತೆ ನಿಮ್ಮ ಕೈಯಲ್ಲಿ." ಹೀಗೆ ಇಡೀ ಪ್ರಕರಣದ ಜವಾಬ್ದಾರಿಯನ್ನು ಒಬ್ಬ ಮುದುಕಿಯ ಮೂತ್ರಕೋಶಕ್ಕೆ ಒಪ್ಪಿಸಿ ಎಲ್ಲರೂ ಕೈ ತೊಳೆದುಕೊಂಡರು. ಕೈ ತೊಳೆಯುವುದರಲ್ಲಿ ಆಸ್ಪತ್ರೆಯವರನ್ನು ಮೀರಿಸುವವರುಂಟೇ?

ಆರು ವಾರಕ್ಕೆ ಇನ್ನು ಒಂಬತ್ತು ದಿನ ಉಳಿದಿದ್ದವು. ಭಾನುವಾರ ಬೆಳಿಗ್ಗೆ ಅಚ್ಚುಕಟ್ಟಮ್ಮ ಸೀರೆ ಬದಲಾಯಿಸಿ ಹೊರಟಳು.

"ಎಲ್ಲಿಗೆ?" ಎಂದ ಗಂಡ.

"ಕಾರಣ ಹೇಳೋಕೆ" ಎಂದಳು.

ನೆಟ್ಟಗೆ ಟೀಚರಮ್ಮನ ಮನೆಗೆ ಹೋದಳೆಂದುಕೊಂಡಿರಾ? ಇಲ್ಲ. ಅಷ್ಟು ಧೈರ್ಯವಿದ್ದಿದ್ದರೆ ಈ ಕಥೆ ಬೆಂಚಿನ ಹತ್ತಿರವೇ ಮುಗಿಯುತ್ತಿತ್ತು. ಮೊದಲು ಟೈಲರಂಗಡಿಗೆ ಹೋದಳು. ನೊಂದವರಿಗೆ ಹೇಳುವ ಮೊದಲು ಸುಖವಾಗಿರುವವನ ಮೇಲೆ ಒಂದು ಸಲ ಅಭ್ಯಾಸ ಮಾಡಿಕೊಳ್ಳೋಣ ಎಂದು. ಅವನು ಹೊಲಿಗೆಯಂತ್ರದ ಮೇಲೆ ಮೂಗು ತಾಗುವಂತೆ ಬಗ್ಗಿ ಗುಂಡಿ ಹೊಲಿಯುತ್ತಿದ್ದ. ಎಲ್ಲ ಕೇಳಿಸಿಕೊಂಡು, ಕಣ್ಣಿಗೆ ಅಂಗೈ ಅಡ್ಡ ಹಿಡಿದುಬಿಟ್ಟ.

"ಕಿತ್ಕೊಂಡು ಹೋಗೋಕೆ ಬಂದ್ರಾ?"

"ಅಯ್ಯೋ, ಇಲ್ಲಪ್ಪಾ. ಬೇಡ ಅಂದ್ರೆ ಹಾಗೇ ಇರ್ಲಿ. ದೂರದ್ದು ಕಾಣಲ್ವಲ್ಲ ನಿಮ್ಗೆ."

"ಬಸ್ಸಿನ ಬೋರ್ಡು ಕಾಣಲ್ಲ. ನಾನು ಬಸ್ಸು ಹತ್ತೋದೇ ಇಲ್ಲ. ಎದುರು ಅಂಗಡಿಯವನ ಮುಖ ಕಾಣಲ್ಲ, ಅದಂತೂ ನೆಮ್ಮದಿ. ಯಾರದಾದ್ರೂ ಆಗ್ಲಿ ತಾಯಿ, ಈ ಲೆನ್ಸು ನಾನು ವಾಪಸ್ ಕೊಡಲ್ಲ." ಸ್ವಲ್ಪ ತಡೆದು, ಕೈ ಇಳಿಸಿ ಕೇಳಿದ: "ಹಾಗಾದ್ರೆ ಆ ಟೀಚರಿಗೆ?"

"ಅಲ್ಲಿಗೇ ಹೊರಟಿದೀನಿ" ಎಂದಳು. ಅವನು ಮತ್ತೆ ಸೂಜಿ ಎತ್ತಿಕೊಳ್ಳಲಿಲ್ಲ.

ಟೀಚರಮ್ಮನ ಮನೆ ಒಂದು ಔಷಧಿ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಒಂದೇ ಕೋಣೆ, ಎರಡು ಮಂಚ, ಕಿಟಕಿಯ ಪಕ್ಕ ಮೇಜು. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಸಿರಿಂಜುಗಳು ನಿಂತಿದ್ದವು. ಒಂದು ಮಂಚದಲ್ಲಿ ಅಕ್ಕ ಮಲಗಿದ್ದರು. ಕಾಲಸದ್ದು ಕೇಳಿ ಮುಖ ತಿರುಗಿಸಿದರು, ಆದರೆ ಬಾಗಿಲಿನ ಕಡೆಗಲ್ಲ, ಗೋಡೆಯ ಕಡೆಗೆ.

ಅಚ್ಚುಕಟ್ಟಮ್ಮ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಬಾಗಿಲಿನಲ್ಲೇ ಅವೆಲ್ಲ ಚೆಲ್ಲಾಪಿಲ್ಲಿಯಾದವು. ಹೇಗೆ ಬಾಯಿಗೆ ಬಂತೋ ಹಾಗೆ ಹೇಳಿದಳು. ನಾಲ್ಕು, ಐದು, ಬಾತ್‌ರೂಮು, ಟೈಲರು, ಪೆಟ್ಟಿಗೆ. ಡಾಕ್ಟರ ಮಾತು ಹೇಳಿದಳು. ಬೆಂಚಿನ ಮೇಲೆ ಬಾಯಿಗೆ ಬಂದದ್ದನ್ನು ನುಂಗಿಕೊಂಡು ನೀರು ಬೇಕಾ ಎಂದು ಕೇಳಿದ್ದನ್ನೂ ಹೇಳಿದಳು. ಒಂಬತ್ತು ದಿನ ಮಾತ್ರ ಉಳಿದಿದೆ ಎನ್ನುತ್ತ ಅತ್ತುಬಿಟ್ಟಳು.

ಟೀಚರಮ್ಮ ಕೇಳಿದರು: "ಅವನು ಸರಿ ಮಾಡೋಕೆ ಕೈ ಹಾಕಿದಾಗ ಹೊಡೆದೆಯಾ?"

"ಹೂಂ."

"ಯಾಕೆ?"

"ನನ್ನ ಸಾಲು ಅಂತ."

ಮಂಚದ ಮೇಲಿನಿಂದ ಅಕ್ಕ, "ಯಾರೇ ಅದು? ಯಾಕೆ ಅಳ್ತಿದಾಳೆ?" ಎಂದರು.

"ಆಸ್ಪತ್ರೆಯವಳು ಅಕ್ಕ. ಅತ್ತು ಮುಗಿಸ್ಲಿ, ಇರು" ಎಂದರು ಟೀಚರಮ್ಮ. ಮೂವತ್ತೈದು ವರ್ಷ ಮಕ್ಕಳನ್ನು ಕಂಡವರು, ಅಳು ಎಲ್ಲಿ ಮುಗಿಯುತ್ತದೆಂದು ಅವರಿಗೆ ಗೊತ್ತಿತ್ತು. ಮುಗಿದ ಮೇಲೆ ಕಾಗದ ಪೆನ್ನು ತಂದು ಮುಂದಿಟ್ಟರು. "ಈಗ ಹೇಳಿದ್ದೆಲ್ಲ ಬರಿ. ಹೊಡೆದದ್ದೂ ಬರಿ. ಸಹಿ ಹಾಕು. ನನಗೆ ಓದೋಕಾಗಲ್ಲ ಅಂತ ಬೇರೆ ಏನಾದ್ರೂ ಬರೆದೀಯೆ. ಕೆಳಗೆ ಅಂಗಡಿಯವನ ಹತ್ರ ಓದಿಸ್ತೀನಿ."

ಬರೆದಳು. ಜೀವಮಾನದಲ್ಲಿ ಮೊದಲ ಸಲ ಅವಳ ಅಕ್ಷರ ಸೊಟ್ಟಗೆ ಬಂತು, ಸಾಲು ಇಳಿಜಾರಾಯಿತು. ಅಂಗಡಿಯವನು ಮೇಲೆ ಬಂದು ಗಟ್ಟಿಯಾಗಿ ಓದಿದ. ತಾನು ಮಾಡಿದ್ದನ್ನು ಕೆಮ್ಮಿನ ಔಷಧಿ ಮಾರುವವನ ದನಿಯಲ್ಲಿ ಕೇಳಿಸಿಕೊಳ್ಳುತ್ತ ನಿಂತಿದ್ದಳು.

"ಇನ್ನೊಂದು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಬರಬೇಕು. ನನ್ನ ಕಣ್ಣು ಸರಿಹೋಗೋವರೆಗೆ ಈ ಗೆರೆ ನೋಡೋದು ನೀನು."

ಕಾಗದದ ಪ್ರತಿ ಸೋಮವಾರ ಆಸ್ಪತ್ರೆಗೆ ಹೋಯಿತು. ಸಹಿ ಇರುವ ಕಾಗದಕ್ಕೂ ಭಾವುಕಳಾದ ಸಿಸ್ಟರಿಗೂ ಇರುವ ವ್ಯತ್ಯಾಸ ದೊಡ್ಡ ಡಾಕ್ಟರಿಗೆ ಒಂದೇ ಓದಿಗೆ ತಿಳಿಯಿತು. ಗುರುವಾರ, ಗಡುವಿಗೆ ಐದು ದಿನ ಇರುವಾಗ, "ಮಾನವೀಯತೆಯ ದೃಷ್ಟಿಯಿಂದ" ಎರಡನೆಯ ಆಪರೇಷನ್ನು ಆಯಿತು. ಮುಖಕ್ಕೆ ಬಟ್ಟೆ ಹೊದಿಸಲು ಬಂದಾಗ ಟೀಚರಮ್ಮ ಕೈ ತಡೆದು, ತಮ್ಮ ಹೆಸರನ್ನೂ ಲೆನ್ಸಿನ ನಂಬರನ್ನೂ ಡಾಕ್ಟರ ಬಾಯಲ್ಲಿ ಎರಡು ಸಲ ಹೇಳಿಸಿದರಂತೆ, ಮಗ್ಗಿ ಒಪ್ಪಿಸುವ ಹುಡುಗನಿಂದ ಹೇಳಿಸುವ ಹಾಗೆ. ಮುಂದಿನ ತಿಂಗಳು ದೊಡ್ಡ ಡಾಕ್ಟರು ಒಂದು ಸಮ್ಮೇಳನದಲ್ಲಿ "ಹೆಸರು ಓದುವ ಪದ್ಧತಿ: ನನ್ನದೊಂದು ಹೊಸ ಪ್ರಯೋಗ" ಎಂಬ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ಟೈಲರ ಚಿತ್ರ ಗೋಡೆಯಿಂದ ಇಳಿಯಲಿಲ್ಲ.

ಅಚ್ಚುಕಟ್ಟಮ್ಮ ಥಿಯೇಟರಿನಿಂದ ಇಳಿದಳು. ಅವಳಿಗೆ ಕೆಳಗಿನ ಮಹಡಿಯಲ್ಲಿ ಹೊದಿಕೆಗಳ ಕೋಣೆ ಕೊಟ್ಟರು. ಮಡಿಚಿಡು, ಜೋಡಿಸು, ಎಷ್ಟು ಬೇಕಾದರೂ ಸಾಲು ಹಾಕು, ಯಾರ ಕಣ್ಣಿಗೂ ಅಪಾಯವಿಲ್ಲ. ಕುರ್ಚಿಮಾವ ಬಾಗಿಲಲ್ಲಿ ಇಣುಕಿ, "ಕ್ಷಮಿಸಿ ಸಿಸ್ಟರ್, ಆ ದಿನ ಸುಳ್ಳು ಹೇಳ್ಬಿಟ್ಟೆ" ಎಂದ. "ನೋವಾಗಿತ್ತಾ?" ಎಂದು ಕೇಳಿದಳು. "ಆಗಿತ್ತು" ಎಂದ. ಅವನ ಬಾಯಿಂದ ಆ ಮಾತು ಕೇಳಿ ಅವಳಿಗೆ ಎಷ್ಟೋ ಹಗುರಾಯಿತು.

ಬೆಳಿಗ್ಗೆ ಏಳು, ಸಂಜೆ ಏಳು. ಎರಡೂವರೆ ವಾರ ಒಂದು ಹೊತ್ತೂ ತಪ್ಪಲಿಲ್ಲ. ಸಿರಿಂಜನ್ನು ಬೆಳಕಿಗೆ ಹಿಡಿದು, ಗೆರೆ ಎಣಿಸಿ, ಗಟ್ಟಿಯಾಗಿ ಹೇಳಿ, ಚುಚ್ಚುತ್ತಿದ್ದಳು. ಅಕ್ಕನಿಗೆ ಅವಳ ಕೈ ಹಿಡಿಸಿತು. "ಚುಚ್ಚಿದ್ದೇ ಗೊತ್ತಾಗಲ್ಲ ಇವಳದು" ಎಂದು ಹೊಗಳಿದರು. ಹೊಗಳಿಕೆ ಕೇಳಿ ಅಚ್ಚುಕಟ್ಟಮ್ಮ ಬೆಚ್ಚಿದಳು. ಆದರೂ ಆಸೆ ಎಂಬುದು ಸುಮ್ಮನಿರುತ್ತದೆಯೇ? ಟೀಚರಮ್ಮ ಒಂದು ದಿನ "ಹೋಗ್ಲಿ ಬಿಡು" ಅನ್ನುತ್ತಾರೆ, ತಾನು ಕಾಲು ಮುಟ್ಟಿ ಕಣ್ಣೀರು ಹಾಕುತ್ತೇನೆ, ಅಲ್ಲಿಗೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಮನಸ್ಸಿನೊಳಗೇ ಒಂದು ಪುಟ್ಟ ಸಮಾರಂಭ ಏರ್ಪಡಿಸಿಟ್ಟಿದ್ದಳು. ಮೆಟ್ಟಿಲು ಹತ್ತುವಾಗ ದಿನಾ ಅದಕ್ಕೆ ಒಂದೊಂದು ಮಾತು ಸೇರಿಸುತ್ತಿದ್ದಳು.

ಎರಡನೆಯ ಆಪರೇಷನ್ನಾಗಿ ಹದಿನಾಲ್ಕನೆಯ ದಿನ ಬೆಳಿಗ್ಗೆ ಅವಳು ಹೋದಾಗ ಟೀಚರಮ್ಮ ಕಿಟಕಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ಔಷಧಿ ಎಳೆದ ಸಿರಿಂಜು. ಮೂಗಿನ ಮೇಲೆ ಓದುವ ಕನ್ನಡಕ, ತೆಳುವಾದದ್ದು. ಅಕ್ಕ ಇನ್ನೂ ನಿದ್ದೆಯ ಮಂಪರಿನಲ್ಲಿದ್ದರು.

"ಎಷ್ಟಿದೆ ನೋಡು" ಎಂದರು ಪಿಸುದನಿಯಲ್ಲಿ.

ಅಚ್ಚುಕಟ್ಟಮ್ಮ ಬಗ್ಗಿ ನೋಡಿದಳು. "ಹದಿನೆಂಟು."

"ನನಗೂ ಹದಿನೆಂಟೇ."

ಟೀಚರಮ್ಮ ತಾವೇ ಅಕ್ಕನ ತೋಳಿಗೆ ಚುಚ್ಚಿದರು. ಹತ್ತಿಯಿಂದ ಒತ್ತಿ ಹಿಡಿದು, ಸಿರಿಂಜನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಮೊದಲ ಸಲ ಅವಳ ಮುಖವನ್ನು ನೋಡಿದರು. ಹಣೆ, ಕಣ್ಣು, ಬಾಯಿ, ಒಂದೊಂದನ್ನೂ ನೋಡಿದರು. ಅಚ್ಚುಕಟ್ಟಮ್ಮನಿಗೆ ಸಮಾರಂಭದ ಮೊದಲ ಮಾತು ಬಾಯ ತುದಿಗೆ ಬಂದಿತ್ತು.

"ನಾಳೆಯಿಂದ ಬರಬೇಡ" ಎಂದರು ಟೀಚರಮ್ಮ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ.

"ಕಣ್ಣು..."

"ಚೆನ್ನಾಗಿ ಕಾಣುತ್ತೆ. ನೀನು ಬಂದು ಹೇಳಿದ್ದು ಸರಿ. ಬರೆದುಕೊಟ್ಟದ್ದೂ ಸರಿ. ಹೇಳಿದ ಹೊತ್ತಿಗೆ ಬಂದೆ, ಅದೂ ಸರಿ. ಆದ್ರೆ ನೋಡು, ಮುಖ ಮಬ್ಬಾಗಿದ್ದಾಗ ನಿನ್ನ ಸಹಿಸ್ಕೊಳ್ಳೋದು ಸುಲಭವಾಗಿತ್ತು. ಈಗ ಕಾಣುತ್ತೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಚ್ಚುಕಟ್ಟಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು. ಮಂಪರು ಹರಿದ ಅಕ್ಕ ಮಂಚದ ಮೇಲಿನಿಂದ ಕೈ ಚಾಚಿ ಗಾಳಿಯಲ್ಲಿ ತಡಕಿದರು.

"ಇವತ್ತು ಚುಚ್ಚಿದ್ದು ನೋವಾಯ್ತು ಕಣೇ. ಸಿಸ್ಟರ್ ಬಂದಿಲ್ವಾ?"

"ಇಲ್ಲಕ್ಕ" ಎಂದರು ಟೀಚರಮ್ಮ, ಅವಳನ್ನೇ ನೋಡುತ್ತ. "ಇನ್ನು ನಾನೇ."

ಅಚ್ಚುಕಟ್ಟಮ್ಮ ಉಸಿರು ಬಿಗಿಹಿಡಿದು, ಕುರುಡಿಗೆ ಹೆಜ್ಜೆಯ ಸದ್ದು ಕೇಳಿಸದಂತೆ ಹಿಮ್ಮುಖವಾಗಿ ನಡೆದು ಬಾಗಿಲು ದಾಟಿದಳು.